ಉಳಿದ ಅನ್ನಕ್ಕೆ ಬ್ಯಾಡಗಿ ಖಾರದ ಪುಡಿಯ ಒಗ್ಗರಣೆ

ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕುವುದು ನಮ್ಮ ಮನೆಗಳಲ್ಲಿ ರೂಢಿಯೇ ಆಗಿದ್ದರೂ, ಹಸಿಮೆಣಸಿನಕಾಯಿಯ ಬದಲು ಖಾರದ ಪುಡಿ ಬಳಸಿದಾಗ ಅದು ಬೇರೆಯದೇ ತಿಂಡಿಯಾಗುತ್ತದೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಪುಡಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದರಲ್ಲಿ ಖಾರವೇ ಮುಂದು. 3 ಪಾಲು ಬ್ಯಾಡಗಿಗೆ 1 ಪಾಲು ಗುಂಟೂರು ಬೆರೆಸಿಟ್ಟುಕೊಂಡರೆ ನಿತ್ಯದ ಅಡುಗೆಗೆ ಹದವಾಗಿರುತ್ತದೆ ಎಂಬುದು ನನ್ನ ಅನುಭವ.

2 ಬಟ್ಟಲು ಅನ್ನಕ್ಕೆ 2 ದೊಡ್ಡ ಚಮಚ ಎಣ್ಣೆ ಕಾಯಿಸಿ, ಸಾಸಿವೆ ಸಿಡಿದ ಮೇಲೆ ಶೇಂಗಾ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಈರುಳ್ಳಿ ಹಾಕಿ ಬಾಡಿಸಿ. ಪುಡಿ ಹಾಕುವ ಮೊದಲು ಒಲೆಯನ್ನು ತಪ್ಪದೆ ಆರಿಸಬೇಕು, ಏಕೆಂದರೆ ಹೊಗೆಯಾಡುವ ಎಣ್ಣೆಗೆ ಬಿದ್ದ ಪುಡಿ ಕ್ಷಣದಲ್ಲಿ ಕಪ್ಪಾಗಿ ಕಹಿಯಾಗುತ್ತದೆ, ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತಾರೆ. ತುಸು ತಣಿದ ಎಣ್ಣೆಗೆ 1 ಸಣ್ಣ ಚಮಚ ಪುಡಿ ಉದುರಿಸಿ ಕೈಯಾಡಿಸಿದಾಗ, ಮೆಣಸಿನಕಾಯಿಯ ಬಣ್ಣವೂ ಖಾರವೂ ಎಣ್ಣೆಯಲ್ಲಿ ಕರಗುವಂಥವಾದ್ದರಿಂದ, ಬಾಣಲೆಯ ಅಂಚಿನಲ್ಲಿ ಕೆಂಪು ಎಣ್ಣೆ ಬಿಟ್ಟುಕೊಳ್ಳುವುದು ಕಾಣುತ್ತದೆ. ಆಗ ಉಪ್ಪನ್ನೂ ಬೆರಳಿನಿಂದ ಉದುರುದುರಾಗಿ ಬಿಡಿಸಿದ ಅನ್ನವನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ಚೆನ್ನಾಗಿ ಹಬೆಯಾಡುವವರೆಗೆ ಬಿಸಿಮಾಡಿ, ಇಳಿಸಿದ ಮೇಲೆ ನಿಂಬೆರಸ ಹಿಂಡಿ.

ಅನ್ನವನ್ನು ರಾತ್ರಿಯಿಡೀ ಹೊರಗೆ ಬಿಡದೆ, ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡುವುದು ಅಗತ್ಯ. ಹೊರಗುಳಿದ ಅನ್ನದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿಮಾಡಿದರೂ ಹೋಗದಿರಬಹುದು. ಉಳಿದ ಜೋಳದ ರೊಟ್ಟಿಯನ್ನು ಚೂರು ಮಾಡಿ, ಮಜ್ಜಿಗೆ ಚಿಮುಕಿಸಿ ಮೆತ್ತಗಾದ ಮೇಲೆ ಇದೇ ಒಗ್ಗರಣೆಗೆ ಹಾಕಬಹುದು. ಅದಕ್ಕೆ ನಿಂಬೆ ಬೇಡ.