ಎರಡನೇ ಪಂಕ್ತಿಗೆ ಕಾಯುವ ಹೊತ್ತಿನ ಸ್ವಾರಸ್ಯಗಳು

ಮದುವೆ ಮನೆಯಲ್ಲಿ ಎಲ್ಲರೂ ಸಪ್ಪೆಯಾಗುವ ಹೊತ್ತು ಒಂದಿದೆ. ಮುಹೂರ್ತ ಮುಗಿದಿರುತ್ತದೆ, ಮೊದಲನೇ ಪಂಕ್ತಿ ಕೂತಾಗಿರುತ್ತದೆ, ಎರಡನೇ ಪಂಕ್ತಿಯವರು ಹಸಿದುಕೊಂಡು ಕುರ್ಚಿಗಳಲ್ಲಿ ಫೋನ್ ಉಜ್ಜುತ್ತಾ ಕೂತಿರುತ್ತಾರೆ. ನನ್ನ ಚಟ ಬೆಳೆದದ್ದು ಆ ಅರ್ಧ ಗಂಟೆಯಲ್ಲಿ. ಈಗ ನಮ್ಮ ನೆಂಟರಿಷ್ಟರಲ್ಲಿ ನನ್ನ ಹೆಸರು ಮರೆತವರೂ "ಆ ಲೋಟದ ಮಾವ" ಎಂದರೆ ಗುರುತು ಹಿಡಿಯುತ್ತಾರೆ.

ಛತ್ರದಲ್ಲಿ ನೀರಿಗೆ ಇಟ್ಟಿರುವ ಉದ್ದನೆಯ ಸ್ಟೀಲ್ ಲೋಟ ಒಂದನ್ನು ತಂದು ಮಧ್ಯೆ ಇಡುತ್ತೇನೆ. "ಇದರ ಎತ್ತರ ಜಾಸ್ತಿಯೋ, ಬಾಯಿಯ ಸುತ್ತಳತೆ ಜಾಸ್ತಿಯೋ?" ಅಂತ ಕೇಳುತ್ತೇನೆ, ಅಷ್ಟೇ. ಯಾರಾದರೊಬ್ಬ ದೊಡ್ಡಪ್ಪ ತಲೆ ಎತ್ತಿಯೂ ನೋಡದೆ "ಎತ್ತರ ಕಣಯ್ಯ, ಅದೇನ್ ಕೇಳ್ತೀಯ" ಅನ್ನುತ್ತಾರೆ. ಹೂವಿನ ಮಾಲೆಯಿಂದ ಉದುರಿದ ದಾರವನ್ನು ಬಾಯಿಯ ಸುತ್ತ ಒಂದು ಸುತ್ತು ಸುತ್ತಿ, ಬೆರಳಲ್ಲಿ ಹಿಡಿದು, ಲೋಟದ ಪಕ್ಕ ನಿಲ್ಲಿಸುತ್ತೇನೆ. ದಾರ ಲೋಟವನ್ನು ಮೀರಿ ಮೇಲಕ್ಕೆ ಹೋಗಿರುತ್ತದೆ, ಅದೂ ಒಂದಿಷ್ಟು ಅಲ್ಲ, ಹತ್ತಿರ ಹತ್ತಿರ ಎರಡರಷ್ಟು. ದೊಡ್ಡಪ್ಪ ಎದ್ದು ಬಂದು ದಾರವನ್ನು ತಾವೇ ಅಳೆಯುತ್ತಾರೆ. ಅಲ್ಲಿಂದ ಆಚೆಗೆ ಫೋನ್‌ಗಳು ಜೇಬು ಸೇರುತ್ತವೆ.

ಲೆಕ್ಕದಲ್ಲಿ ಗುಟ್ಟೇನೂ ಇಲ್ಲ. ಬಾಯಿಯ ಅಗಲ 7 ಸೆಂ.ಮೀ. ಇದ್ದರೆ ಸುತ್ತಳತೆ ಅದರ 3.14 ಪಟ್ಟು, ಅಂದರೆ 22 ಸೆಂ.ಮೀ. ಸಾಮಾನ್ಯ ಲೋಟ 12 ಸೆಂ.ಮೀ. ದಾಟುವುದು ಅಪರೂಪ. ಕಣ್ಣಿಗೆ ಕಾಣುವುದು ಅಗಲ ಮಾತ್ರ. ಸುತ್ತು ಹಾಕಿ ನೋಡುವ ಅಭ್ಯಾಸ ಕಣ್ಣಿಗಿಲ್ಲ. ಇದನ್ನೇ ನಾನು ಮೊದಲೇ "ಗೊತ್ತಾ, ಲೋಟದ ಸುತ್ತಳತೆ ಎತ್ತರಕ್ಕಿಂತ ಜಾಸ್ತಿ" ಅಂತ ಹೇಳಿಬಿಟ್ಟಿದ್ದರೆ "ಹೌದಾ" ಅನ್ನುತ್ತಿದ್ದರು, ಮತ್ತೆ ಫೋನ್ ನೋಡುತ್ತಿದ್ದರು. ಬಾಯಿಬಿಟ್ಟು ಒಂದು ಉತ್ತರ ಹೇಳಿದ ಮೇಲೆ ಮಾತ್ರ ಮನುಷ್ಯನಿಗೆ ಅದು ಸ್ವಂತ ವ್ಯವಹಾರವಾಗುತ್ತದೆ. ಹಾಗಾಗಿ ನನ್ನ ಪದ್ಧತಿ ಒಂದೇ: ಸಂಗತಿ ಹೇಳುವುದಿಲ್ಲ, ಉತ್ತರ ಹೇಳಿಸುತ್ತೇನೆ. ಪಂದ್ಯವೂ ಇರುತ್ತದೆ. ಸೋತವರು ತಮ್ಮ ಎಲೆಯ ಜಹಾಂಗೀರು ಬಿಟ್ಟುಕೊಡಬೇಕು. ಸಕ್ಕರೆ ಕಾಯಿಲೆಯವರು ಬೇಕೆಂದೇ ಸೋಲುತ್ತಾರೆ ಎನ್ನುವ ಅನುಮಾನ ನನಗಿದೆ.

ಲೋಟ ಒಪ್ಪಿದ ಗುಂಪಿಗೆ ಮುಂದಿನದು ಹಗ್ಗ. ಭೂಮಿಯ ಸೊಂಟಕ್ಕೆ, ಸಮಭಾಜಕದ ಉದ್ದಕ್ಕೂ, ಬಿಗಿಯಾಗಿ ಒಂದು ಹಗ್ಗ ಕಟ್ಟಿದ್ದೀರಿ ಅಂದುಕೊಳ್ಳಿ. ಉದ್ದ ಸುಮಾರು 40,000 ಕಿ.ಮೀ. ಅದಕ್ಕೆ ಬರೀ ಒಂದು ಮೀಟರ್ ಹಗ್ಗ ಸೇರಿಸಿ ಸಡಿಲ ಮಾಡಿ, ಎಲ್ಲ ಕಡೆ ಸಮನಾಗಿ ಎತ್ತಿ ಹಿಡಿದರೆ ಕೆಳಗೆ ಏನು ತೂರಬಹುದು? ಇರುವೆಯೂ ತೂರುವುದಿಲ್ಲ ಅನ್ನುವವರೇ ಹೆಚ್ಚು. ಬೆಕ್ಕು ಆರಾಮಾಗಿ ನುಸುಳುತ್ತದೆ: ಸುಮಾರು 16 ಸೆಂ.ಮೀ. ಜಾಗ. ಆಮೇಲೆ ಎರಡನೇ ಏಟು. ಭೂಮಿಯ ಬದಲು ರಾಗಿ ಮುದ್ದೆಗೆ ಹಗ್ಗ ಕಟ್ಟಿ, ಅದಕ್ಕೂ ಒಂದು ಮೀಟರ್ ಸೇರಿಸಿ. ಆಗಲೂ ಅದೇ 16 ಸೆಂ.ಮೀ. ಸುತ್ತಳತೆಗೆ ಸೇರಿಸಿದ್ದನ್ನು 6.28ರಿಂದ ಭಾಗಿಸಿದರೆ ಸಿಗುವುದು ಅಂತರ. ಉಂಡೆ ಎಷ್ಟು ದೊಡ್ಡದು ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಇಂಜಿನಿಯರಿಂಗ್ ಓದಿದ ನಮ್ಮ ಭಾವ ಇದನ್ನು ಪೇಪರ್ ಟವೆಲಿನ ಮೇಲೆ ಬರೆದು ನೋಡಿಯೇ ಒಪ್ಪಿದ್ದು.

ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡುವುದು ಯಾಕೆ ಮುಖ್ಯ ಅನ್ನುವುದಕ್ಕೆ ಸೋಲುವ ಸಂಗತಿಗಳನ್ನೂ ನೋಡಬೇಕು. ಇಸ್ಪೀಟಿನ 52 ಎಲೆ ಚೆನ್ನಾಗಿ ಕಲಸಿದರೆ ಬರುವ ಜೋಡಣೆ ಬಹುಮಟ್ಟಿಗೆ ಜಗತ್ತಿನಲ್ಲಿ ಹಿಂದೆ ಎಂದೂ ಬಂದಿರದ ಜೋಡಣೆ, ಏಕೆಂದರೆ ಒಟ್ಟು ಸಾಧ್ಯತೆಗಳು 8ರ ಮುಂದೆ 67 ಅಂಕಿ ಬರುವಷ್ಟು. ನನಗೆ ಇದು ಮೈ ಜುಂ ಅನ್ನಿಸುತ್ತದೆ. ರಾತ್ರಿ ಇಸ್ಪೀಟಿಗೆ ಕೂತವರಿಗೆ ಹೇಳಿ ನೋಡಿ. "ಹೌದಾ? ಎಲೆ ಹಾಕು" ಅನ್ನುತ್ತಾರೆ. ಮನಸ್ಸಿನಲ್ಲಿ ಹಿಡಿಯಲಾಗದ ಸಂಖ್ಯೆ ಎಷ್ಟು ದೊಡ್ಡದಾದರೇನು, ಜನಕ್ಕೆ ಅದು ಬರೀ "ಬಹಳ".

ಸಂಭವನೀಯತೆಯಲ್ಲಿ ಕೆಲಸ ಮಾಡುವುದು ಹುಟ್ಟುಹಬ್ಬ. ಮದುವೆ ಬಸ್ಸಿನಲ್ಲಿ ಐವತ್ತು ಜನ ಇದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರುವ ಸಾಧ್ಯತೆ ಶೇ. 97. 23 ಜನರಿದ್ದರೇ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ವರ್ಷಕ್ಕೆ 365 ದಿನ ಇರುವಾಗ ಅದು ಹೇಗೆ ಅಂತ ಎಲ್ಲರೂ ಜಗಳಕ್ಕೆ ಬರುತ್ತಾರೆ. ಪ್ರತಿಯೊಬ್ಬನೂ ತನ್ನ ದಿನಕ್ಕೆ ಜೋಡಿ ಹುಡುಕುತ್ತಾನೆ. ಲೆಕ್ಕ ಹಾಗಲ್ಲ, ಯಾರ ಜೊತೆ ಯಾರು ಬೇಕಾದರೂ ಹೊಂದಬಹುದು. 23 ಜನರಲ್ಲಿ ಅಂಥ ಜೋಡಿಗಳು 253. ನಾನು ವಾದ ಮಾಡುವುದಿಲ್ಲ, ಮುಂದಿನ ಸೀಟಿನಿಂದ ಒಬ್ಬೊಬ್ಬರಾಗಿ ತಾರೀಖು ಕೂಗಲಿ ಅನ್ನುತ್ತೇನೆ. ಆದರೆ ಒಂದು ಎಚ್ಚರಿಕೆ. ನಮ್ಮಲ್ಲಿ ಅರವತ್ತು ದಾಟಿದವರನ್ನು ಕೇಳಿದರೆ ಜೂನ್ 1 ಮತ್ತೆ ಮತ್ತೆ ಬರುತ್ತದೆ. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದ ಮಕ್ಕಳಿಗೆ ಮೇಷ್ಟ್ರು ಬರೆದುಕೊಟ್ಟ ಹುಟ್ಟುಹಬ್ಬ ಅದು. ಹಾಗೆ ಗೆದ್ದರೆ ಗಣಿತಕ್ಕೆ ಮರ್ಯಾದೆ ಇಲ್ಲ. ಅಂಥವರಿಗೆ ಅಮ್ಮ ಹೇಳಿದ ದಿನ ಯಾವುದು ಅಂತ ಕೇಳುತ್ತೇನೆ. "ಗೌರಿ ಹಬ್ಬದ ಮಾರನೇ ದಿನ, ಆ ವರ್ಷ ಕೆರೆ ಕೋಡಿ ಬಿದ್ದಿತ್ತು" ಎಂದು ಶುರುವಾದರೆ ಬಸ್ಸು ಇಳಿಯುವವರೆಗೂ ನನಗೆ ಕೆಲಸವಿರುವುದಿಲ್ಲ.

ಊಟದ ಎಲೆಯ ಮುಂದೆ ಕೂತಾಗ ಆಡಿಸುವ ಆಟ ಬೇರೆ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಆವತ್ತು ವಿಷ್ಣುವರ್ಧನ ನಮ್ಮ ಈ ಎಲೆಯ ಮುಂದೆ ಕೂತಿದ್ದರೆ ಯಾವುದನ್ನು ಗುರುತು ಹಿಡಿಯುತ್ತಿರಲಿಲ್ಲ? ಮಕ್ಕಳು ಗೋಬಿ ಮಂಚೂರಿ ಅನ್ನುತ್ತಾರೆ, ಅದು ಸುಲಭ. ಆಮೇಲೆ ಒಂದೊಂದೇ ಎತ್ತುತ್ತಾ ಹೋಗಬೇಕು. ಸಾರಿನ ಟೊಮ್ಯಾಟೊ, ಪಲ್ಯದ ಆಲೂಗಡ್ಡೆ, ಚಿತ್ರಾನ್ನದ ಕಡಲೆಕಾಯಿ ಬೀಜ, ಪಾಯಸದ ಗೋಡಂಬಿ. ಕಡೆಗೆ ಹುಳಿಯ ಬ್ಯಾಡಗಿ ಮೆಣಸಿನಕಾಯಿ ಎತ್ತಿದಾಗ ಗಲಾಟೆ ಏಳುತ್ತದೆ. ಮೆಣಸಿನಕಾಯಿಯೂ ನಮ್ಮದಲ್ಲವಾ! ಇವೆಲ್ಲ ಅಮೆರಿಕ ಖಂಡಗಳ ಬೆಳೆ. ಕೊಲಂಬಸ್ 1492ರಲ್ಲಿ ಅಲ್ಲಿಗೆ ಹೋದ ಮೇಲೆ ಪೋರ್ಚುಗೀಸರ ಹಡಗುಗಳಂಥವುಗಳಲ್ಲಿ ಈ ಕಡೆ ಬಂದವು. ಸೀಬೆ, ಪಪ್ಪಾಯಿ, ಅನಾನಸ್, ಸಪೋಟ ಕೂಡ. ಊಟದ ಮೇಲಿನ ಕಾಫಿಯೂ ದೊರೆಗೆ ಇಲ್ಲ. ಅದು ಅರಬ್ಬರ ನಾಡಿನಿಂದ ಆಮೇಲೆ ಬಂದದ್ದು.

ಈ ಆಟದಲ್ಲಿ ನಾನು ಬೇಕೆಂದೇ ಒಂದು ಜಾಗ ಖಾಲಿ ಬಿಡುತ್ತೇನೆ. ಮೆಣಸಿನಕಾಯಿ ಇಲ್ಲದೆ ಖಾರಕ್ಕೆ ಏನು ಮಾಡುತ್ತಿದ್ದರು ಅಂತ ನಾನು ಹೇಳುವುದಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿಯೋ ದೊಡ್ಡಮ್ಮನೋ "ಅಯ್ಯೋ, ತಿಥಿ ಅಡುಗೆಗೆ ಈಗಲೂ ಕಾಳುಮೆಣಸೇ ಅಲ್ವೇನೋ ಹಾಕೋದು, ಟೊಮ್ಯಾಟೊ ಆಲೂಗೆಡ್ಡೆ ಸೇರಿಸ್ತೀವಾ?" ಅನ್ನುತ್ತಾರೆ. ಶ್ರಾದ್ಧದ ಅಡುಗೆ ನೂರಾರು ವರ್ಷದ ಹಳೇ ಅಡುಗೆಮನೆಯ ನೆನಪನ್ನು ಇಟ್ಟುಕೊಂಡಿದೆ ಎನ್ನುವುದು ಆ ಕ್ಷಣಕ್ಕೆ ಎಲ್ಲರಿಗೂ ಹೊಳೆಯುತ್ತದೆ, ಅದೂ ನನ್ನಿಂದಲ್ಲ. ಎಲ್ಲವನ್ನೂ ತಾನೇ ಹೇಳಿ ಮುಗಿಸುವವನನ್ನು ಎರಡನೇ ಸಲ ಯಾರೂ ಕರೆಯುವುದಿಲ್ಲ. ಮೆಕ್ಕೆಜೋಳವನ್ನು ಮಾತ್ರ ನಾನು ಈ ಪಟ್ಟಿಗೆ ತರುವುದಿಲ್ಲ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ, ಅಲ್ಲವೇ ಅಲ್ಲ ಎನ್ನುವವರೂ ಇದ್ದಾರೆ. ನೆಂಟರ ಮುಂದೆ ಅಷ್ಟು ದೊಡ್ಡ ಮೊಕದ್ದಮೆ ಯಾಕೆ.

ಬಾಳೆಎಲೆಯ ಮುಂದೆ ಹೇಳಬಾರದ್ದೂ ಇವೆ. ಆಸ್ಟ್ರೇಲಿಯದ ವೊಂಬ್ಯಾಟ್ ಎಂಬ ಪ್ರಾಣಿಯ ಲದ್ದಿ ದಾಳದಂತೆ ಚೌಕವಾಗಿರುತ್ತದೆ. ಅದು ಹೇಗೆ ಎಂದು ಕರುಳನ್ನು ಪರೀಕ್ಷಿಸಿದವರಿಗೆ 2019ರ ಇಗ್ ನೊಬೆಲ್ ಪ್ರಶಸ್ತಿ ಸಿಕ್ಕಿತು. ಕರುಳಿನ ಗೋಡೆ ಒಂದು ಕಡೆ ಗಡಸು, ಒಂದು ಕಡೆ ಮೆತು, ಅದರಿಂದ ಮೂಲೆಗಳು ಬರುತ್ತವೆ. ಮೈಸೂರ್‌ಪಾಕ್ ಬಡಿಸುವಾಗ ಇದನ್ನು ಎತ್ತಿದರೆ ನಿಮ್ಮ ಹೆಂಡತಿ ನಿಮ್ಮ ತೊಡೆ ಚಿವುಟುವುದು ಖಂಡಿತ.

ಇಗ್ ನೊಬೆಲ್ ನನ್ನ ಅಕ್ಷಯಪಾತ್ರೆ. ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗಳಿಗೆ ಅಮೆರಿಕದಲ್ಲಿ 1991ರಲ್ಲಿ ಶುರುವಾದ ತಮಾಷೆಯ ಪ್ರಶಸ್ತಿ ಅದು. ಮಕ್ಕಳ ಗುಂಪಿಗೆ ನಾನು ಕೇಳುವುದು: "ಬೆಂಗಳೂರಿನ ಡಾಕ್ಟರುಗಳು 200 ಶಾಲಾ ಮಕ್ಕಳನ್ನು ಕೂರಿಸಿಕೊಂಡು ಒಂದು ಗುಟ್ಟು ಕೇಳಿದರು. ಹೆಚ್ಚುಕಮ್ಮಿ ಎಲ್ಲರೂ ಒಪ್ಪಿಕೊಂಡರು. ಏನು?" ಪರೀಕ್ಷೆಯಲ್ಲಿ ಕಾಪಿ, ಹಲ್ಲು ಉಜ್ಜದಿರುವುದು, ಎಲ್ಲ ಬರುತ್ತದೆ. ಉತ್ತರ: ಮೂಗಿನಲ್ಲಿ ಬೆರಳು ಹಾಕುವುದು. ನಿಮ್ಹಾನ್ಸ್‌ನ ಚಿತ್ತರಂಜನ್ ಆಂದ್ರಾದೆ ಮತ್ತು ಬಿ.ಎಸ್. ಶ್ರೀಹರಿ ಹದಿಹರೆಯದವರಲ್ಲಿ ಈ ಅಭ್ಯಾಸ ಎಷ್ಟು ಸಾಮಾನ್ಯ ಎಂದು ಅಧ್ಯಯನ ಮಾಡಿ 2001ರ ಇಗ್ ನೊಬೆಲ್ ಪಡೆದರು. ಮಧ್ಯಮ ಲೆಕ್ಕ ದಿನಕ್ಕೆ ನಾಲ್ಕು ಸಲ. ಇದನ್ನು ಕೇಳಿದ ತಕ್ಷಣ ನಾಲ್ಕಕ್ಕಿಂತ ಕಮ್ಮಿಯವರು ಕೈ ಎತ್ತಿ ಅಂದರೆ ಎಲ್ಲ ಕೈಗಳೂ ಎದ್ದು, ಪಕ್ಕದವರ ಮೇಲೆ ದೂರುಗಳು ಶುರುವಾಗುತ್ತವೆ. ಮುಂದಿನ ವರ್ಷ ಗಣಿತದ ಇಗ್ ನೊಬೆಲ್ ಕೇರಳಕ್ಕೆ ಹೋಯಿತು: ಆನೆಯ ಮೈಯ ಒಟ್ಟು ಮೇಲ್ಮೈ ವಿಸ್ತೀರ್ಣವನ್ನು ಅಂದಾಜು ಮಾಡುವ ವಿಧಾನಕ್ಕೆ. ದಸರಾ ಜಂಬೂಸವಾರಿ ಟೀವಿಯಲ್ಲಿ ಬರುವಾಗ ಇದನ್ನು ಹೇಳಲೇಬೇಕು. ತಮಾಷೆ ಮಾತ್ರ ಅಂದುಕೊಂಡವರಿಗೆ ಭೌತವಿಜ್ಞಾನಿ ಆಂದ್ರೆ ಗೈಮ್ ಕತೆ ಇದೆ: 2000ದಲ್ಲಿ ಅಯಸ್ಕಾಂತದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದ್ದಕ್ಕೆ ಇಗ್ ನೊಬೆಲ್, 2010ರಲ್ಲಿ ಗ್ರಾಫೀನ್ ಎಂಬ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಗಾಗಿ ನಿಜವಾದ ನೊಬೆಲ್.

ಊರಿನ ಸಂಗತಿಗಳಿಗೆ ಬೇರೆಯದೇ ಗತ್ತು. ಲಾಲ್‌ಬಾಗಿನ ಬಂಡೆಯ ಮೇಲೆ ಮಕ್ಕಳನ್ನು ಕೂರಿಸಿ, ಹಿಮಾಲಯ ಹಿರಿಯದೋ ನೀವು ಕೂತಿರುವ ಬಂಡೆ ಹಿರಿಯದೋ ಅಂತ ಕೇಳಿ. ಬಂಡೆಗೆ ಸುಮಾರು 300 ಕೋಟಿ ವರ್ಷ, ಹಿಮಾಲಯ ಏಳತೊಡಗಿ ಸುಮಾರು 5 ಕೋಟಿ. ಕೋಲಾರದ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗಿಂತ ಆಳ; ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ಎತ್ತರ 2 ಕಿ.ಮೀ. ಕೂಡ ಇಲ್ಲ. ಆ ಗಣಿಗೆ ಶಿವನಸಮುದ್ರದ ಕರೆಂಟು ಹೋದದ್ದು 1902ರಲ್ಲಿ, ಬೆಂಗಳೂರಿಗೆ ಬಂದದ್ದು 1905ರಲ್ಲಿ.

ಶಿವನಸಮುದ್ರದ ಜೊತೆಗೆ "ಏಷ್ಯಾದ ಮೊದಲ ಜಲವಿದ್ಯುತ್" ಎಂಬ ಬಾಲವೂ ಬರುತ್ತದೆ. ನಾನು ಅದನ್ನು ಸೇರಿಸುವುದಿಲ್ಲ, ಏಕೆಂದರೆ ಡಾರ್ಜಿಲಿಂಗ್ ಹತ್ತಿರದ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ಇಂಥ ಜರಡಿ ಹಿಡಿಯುವುದು ನನ್ನ ಕೆಲಸದ ಮುಕ್ಕಾಲು ಪಾಲು. ವಾಟ್ಸಾಪಿನಲ್ಲಿ ಬಂದ ಸಂಗತಿಯಲ್ಲಿ "ಮೊದಲ", "ಏಕೈಕ", "ನಾಸಾ", "ಯುನೆಸ್ಕೊ" ಇದ್ದರೆ ಮೊದಲು ಅನುಮಾನ, ಆಮೇಲೆ ಹುಡುಕಾಟ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ಪ್ರಶಸ್ತಿ ಕೊಟ್ಟಿಲ್ಲ. ಚೀನಾದ ಮಹಾಗೋಡೆ ಬಾಹ್ಯಾಕಾಶದಿಂದ ಬರಿಗಣ್ಣಿಗೆ ಎದ್ದು ಕಾಣುವುದಿಲ್ಲ. 2003ರಲ್ಲಿ ಹೋಗಿ ಬಂದ ಚೀನಾದ್ದೇ ಗಗನಯಾತ್ರಿ ಯಾಂಗ್ ಲಿವೇಯ್ ತನಗೆ ಕಾಣಲಿಲ್ಲ ಎಂದರು. ಹಾಕಿಯಂತೂ ಮನೆಮನೆ ಜಗಳ. ಅದು ನಮ್ಮ ರಾಷ್ಟ್ರೀಯ ಕ್ರೀಡೆ ಎಂದು ಶಾಲೆಯಲ್ಲಿ ಬರೆದು ಅಂಕ ಪಡೆದವರೇ ಎಲ್ಲರೂ. 2012ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ, ಯಾವ ಆಟವನ್ನೂ ಹಾಗೆ ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ ಉತ್ತರ ಕೊಟ್ಟಿತು. ಭಾವನಿಗೆ ಇದನ್ನು ಹೇಳಿದರೆ "ಸಚಿವಾಲಯಕ್ಕೇನ್ ಗೊತ್ತು" ಅನ್ನುತ್ತಾರೆ.

ಊಟವಾಗಿ ಎಲೆಅಡಿಕೆ ಹಾಕುತ್ತಾ ಕೂತವರಿಗೆ ಮಾತು ಬೇಡ, ಮೈಗೆ ಕೆಲಸ ಕೊಡಬೇಕು. ಬಲಗಾಲನ್ನು ನೆಲದಿಂದ ಎತ್ತಿ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸುತ್ತಿರಿ, ಹಾಗೇ ಬಲಗೈಯಲ್ಲಿ ಗಾಳಿಯಲ್ಲಿ ಇಂಗ್ಲಿಷಿನ 6 ಬರೆಯಿರಿ. ಕಾಲು ತಾನಾಗಿ ಉಲ್ಟಾ ತಿರುಗುತ್ತದೆ. ಒಂದೇ ಪಕ್ಕದ ಕೈಕಾಲುಗಳನ್ನು ಆಡಿಸುವುದು ಮಿದುಳಿನ ಒಂದೇ ಅರ್ಧ. ಅದಕ್ಕೆ ಏಕಕಾಲಕ್ಕೆ ಎರಡು ದಿಕ್ಕು ಕಷ್ಟ. ಪಂಚೆ ಉಟ್ಟ ಬೀಗರು ಸಾಲಾಗಿ ಕೂತು ಇದನ್ನು ಮಾಡುವುದನ್ನು ಫೋಟೋಗ್ರಾಫರ್ ಬಿಡುವುದಿಲ್ಲ.

ಹೊರಡುವಾಗ ಒಂದು ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಡುತ್ತೇನೆ. 0.1 ಮಿ.ಮೀ. ದಪ್ಪದ ಕಾಗದವನ್ನು 42 ಸಲ ಮಡಚಿದರೆ ಎಷ್ಟು ದಪ್ಪ? ತೆಂಗಿನಮರದಷ್ಟು, ಗೋಳಗುಮ್ಮಟದಷ್ಟು ಎಂದು ಕೂಗುತ್ತಾ ಕಾರು ಹತ್ತುತ್ತಾರೆ. ಅಣ್ಣನ ಮಗ ರಾತ್ರಿ ಫೋನ್ ಮಾಡುತ್ತಾನೆ: "ಚಿಕ್ಕಪ್ಪ, 4,39,804 ಕಿಲೋಮೀಟರ್ ಬಂತು! ಚಂದ್ರ ಇರೋದೇ 3,84,400ರಲ್ಲಿ, ದಾಟೇ ಹೋಯ್ತು!" ಹಿಂದಿನಿಂದ ಭಾವನ ದನಿ, ಏಳು ಸಲಕ್ಕಿಂತ ಹೆಚ್ಚು ಯಾರೂ ಮಡಚಲಾರರು ಅಂತ. ಅದಕ್ಕೂ ಉತ್ತರ ಇಟ್ಟುಕೊಂಡಿದ್ದೇನೆ: 2002ರಲ್ಲಿ ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಹುಡುಗಿ ಬ್ರಿಟ್ನಿ ಗ್ಯಾಲಿವನ್ ಒಂದೇ ಕಾಗದವನ್ನು ಹನ್ನೆರಡು ಸಲ ಮಡಚಿದಳು. ಸುಮಾರು 1.2 ಕಿ.ಮೀ. ಉದ್ದದ ಟಾಯ್ಲೆಟ್ ಪೇಪರ್ ಅದು.