ಮಕ್ಕಳ ಥೀಮ್ ಊಟಕ್ಕೆ ಪೇಟೆ ಸಾಮಾನು ಯಾಕೆ? ಮುಟಗಿ ಕಟ್ಟಿಸಿ

ಬೇಸಿಗೆ ರಜೆ ಬಂತೆಂದರೆ ನಮ್ಮ ಓಣಿಯಲ್ಲಿ ಒಂದು ಹೊಸ ಹುಚ್ಚು ಶುರುವಾಗುತ್ತದೆ. ಮಕ್ಕಳಿಗೆ ಥೀಮ್ ಊಟವಂತೆ. ಒಂದು ದಿನ ಕಾಡು, ಒಂದು ದಿನ ಸಮುದ್ರ, ಇನ್ನೊಂದು ದಿನ ಆಕಾಶ. ಬೇಡ ಅನ್ನುವುದಿಲ್ಲ. ಮಕ್ಕಳು ಖುಷಿಯಿಂದ ಉಂಡರೆ ಯಾರಿಗೆ ಬೇಡ? ಆದರೆ ಮಾಡುವ ರೀತಿ ನೋಡಿದರೆ ಮೈ ಉರಿಯುತ್ತದೆ. ತಾಯಿ ಬೆಳಿಗ್ಗೆಯಿಂದ ಫೋನ್ ಮುಂದಿಟ್ಟುಕೊಂಡು ಗಜ್ಜರಿ ಕೆತ್ತುತ್ತಾಳೆ. ಬ್ರೆಡ್ಡಿನ ಅಂಚು ಕತ್ತರಿಸಿ ಬಿಸಾಡುತ್ತಾಳೆ. ಮಗು ಹತ್ತಿರ ಬಂದರೆ "ಮುಟ್ಟಬ್ಯಾಡ, ಕೆಡ್ತದ" ಎಂದು ಗದರುತ್ತಾಳೆ. ಆಮೇಲೆ ಫೋಟೊ. ಫೋಟೊ ಮುಗಿಯುವಷ್ಟರಲ್ಲಿ ಊಟ ಆರಿ ಹೋಗಿರುತ್ತದೆ, ಮಗು ಬಿಸ್ಕೀಟು ತಿಂದು ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಇದು ಮಗುವಿನ ಆಟವೋ, ತಾಯಿಯ ಆಟವೋ?

ಮಗುವಿನ ಕೈ ಹಿಟ್ಟಿನಲ್ಲಿ ಇರಬೇಕು. ನನ್ನ ತಕರಾರು ಅದೊಂದೇ. ವಂಕಪಂಕ ಆಗಲಿ, ಅರ್ಧ ನೆಲಕ್ಕೆ ಬೀಳಲಿ. ತಾನೇ ಕಟ್ಟಿದ್ದನ್ನು ಮಗು ಬಿಡದೆ ತಿನ್ನುತ್ತದೆ. ಅದಕ್ಕೇ ಮುಟಗಿ ಅಂದೆ, ಬಿಸಿ ಜೋಳದ ರೊಟ್ಟಿಯನ್ನು ಬಳ್ಳೊಳ್ಳಿ ಜೊತೆ ಕುಟ್ಟಿ ಮುಷ್ಟಿಯಲ್ಲಿ ಅಮುಕಿ ಕಟ್ಟುವ ತಿನಿಸು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನೊಂದು ಸಿಟ್ಟು ಇದೆ, ಅದನ್ನೂ ಹೇಳಿಬಿಡುತ್ತೇನೆ. ವಿಜಯಪುರದಲ್ಲಿ ಇದ್ದುಕೊಂಡು ಐಫೆಲ್ ಟವರ್ ಊಟ ಮಾಡುತ್ತಾರೆ! ಮಾಳಿಗೆ ಹತ್ತಿದರೆ ಗೋಳಗುಮ್ಮಟ ಕಾಣುತ್ತದೆ, ಅದು ಕಣ್ಣಿಗೆ ಬೀಳುವುದಿಲ್ಲವೇ? ಜೋಳದ ನುಚ್ಚು ಗಟ್ಟಿಯಾಗಿ ಕುದಿಸಿ. ಬಟ್ಟಲಿಗೆ ತುಪ್ಪ ಸವರಿ, ನುಚ್ಚು ಒತ್ತಿ ತುಂಬಿ, ಗಂಗಾಳದ ನಡುವೆ ಬೋರಲು ಹಾಕಿ. ಗುಮ್ಮಟ ಆಯಿತು. ಎಳೆ ಸವತಿಕಾಯಿಯ ಬುಡ ಚಪ್ಪಟೆಯಾಗಿ ಕತ್ತರಿಸಿದರೆ ನಾಲ್ಕು ಮೂಲೆಗೆ ನಾಲ್ಕು ಮಿನಾರು ನಿಲ್ಲುತ್ತವೆ. ಅಲ್ಲಿಯ ಮಿನಾರಿಗೆ ಏಳು ಅಂತಸ್ತು, ಎಂಟು ಮೂಲೆ. ಸವತಿಕಾಯಿ ಮೇಲೆ ಏಳು ಗೆರೆ ಮಕ್ಕಳೇ ಎಣಿಸಿ ಚಮಚದ ಹಿಡಿಕೆಯಿಂದ ಎಳೆಯಲಿ. ಸುತ್ತ ಮೊಸರು ಸುರಿಯಿರಿ, ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಉಣ್ಣುತ್ತಾ ಕಥೆ ಹೇಳಿ. ಅದು ಮಹಮ್ಮದ್ ಆದಿಲ್ ಶಾಹನ ಗೋರಿ, ಅವನು ತೀರಿಕೊಂಡದ್ದು 1656ರಲ್ಲಿ. ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಗಲ, ನಡುವೆ ಒಂದು ಕಂಬವೂ ಇಲ್ಲ. "ಆಯಿ, ಮತ್ತ ಬೀಳಂಗಿಲ್ಲೇನ?" ಎಂದು ಮೊಮ್ಮಗ ಕೇಳಿದ. ಕೇಳುತ್ತಲೇ ನುಚ್ಚಿನ ಗುಮ್ಮಟಕ್ಕೆ ಬುಡದಲ್ಲಿ ಬೆರಳು ತೂರಿಸಿದ. ಬಿತ್ತು. ನಕ್ಕು ನಕ್ಕು ಉಂಡ. ನುಚ್ಚು ಕಂಡರೆ ಮುಖ ತಿರುಗಿಸುತ್ತಿದ್ದ ಹುಡುಗ ಅವನು.

ಊಟ ಆದಮೇಲೆ ಪಿಸುಮಾತಿನ ಆಟ. ಗುಮ್ಮಟದ ಮೇಲಿನ ಸುತ್ತು ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳುತ್ತದೆ, ಮಾತು ದುಂಡು ಗೋಡೆ ಹಿಡಿದು ಹೋಗುತ್ತದೆ. ಮನೆಯಲ್ಲಿ ದಾರ ಹಿಡಿದು ಹೋಗಲಿ. ಎರಡು ಖಾಲಿ ಬೆಂಕಿಪೆಟ್ಟಿಗೆ, ಒಂದು ಉದ್ದ ದಾರ, ತುದಿ ಕಳಚದಂತೆ ಒಳಗೊಂದು ಕಡ್ಡಿ ಕಟ್ಟಿದರೆ ಟೆಲಿಫೋನು. ಆದರೆ ದಾರ ಬಿಗಿಯಾಗಿರಬೇಕು, ನಡುವೆ ಗೋಡೆಗೋ ಬಾಗಿಲಿಗೋ ತಾಗಬಾರದು. ತಾಗಿದರೆ ಮಾತು ಅಲ್ಲೇ ಸಾಯುತ್ತದೆ. ಇದನ್ನು ಹೇಳಿಕೊಡದೆ ದಾರ ಜೋತು ಬಿಟ್ಟು "ಕೇಳಸವಲ್ದು" ಅಂದರೆ ಹೇಗೆ ಕೇಳಿಸುತ್ತದೆ?

ಸಾರು ಉಣ್ಣದ ಮಕ್ಕಳಿಗೆ ಆಲಮಟ್ಟಿ ಕಟ್ಟಿಸಿ. ಬಿಸಿ ಅನ್ನವನ್ನು ಒದ್ದೆ ಕೈಯಿಂದ ಒತ್ತಿ ಗಂಗಾಳಕ್ಕೆ ಅಡ್ಡ ಒಡ್ಡು ಹಾಕಬೇಕು. ಆಣೆಕಟ್ಟಿಗೆ 26 ಗೇಟು, ಒಡ್ಡಿನ ಮೇಲೆ 26 ಹುರಿದ ಶೇಂಗಾ ಸಾಲಾಗಿ ಚುಚ್ಚಲಿ. ಒಂದು ಬದಿಗೆ ಬೇಳೆ ಸಾರು ಬಿಡಿ, ಅದೇ ಕೃಷ್ಣೆ. ಒಂದು ಶೇಂಗಾ ತಿಂದರೆ ಒಂದು ಗೇಟು ತೆರೆದ ಹಾಗೆ. ಹೊಳೆ ಹರಿಯುತ್ತದೆ, ಅನ್ನ ಕರಗುತ್ತದೆ, ಊಟ ಮುಗಿಯುತ್ತದೆ. ಅನ್ನ ಉದುರುದುರಾಗಿದ್ದರೆ ಒಡ್ಡು ನಿಲ್ಲುವುದಿಲ್ಲ, ಆ ದಿನ ನೀರು ಸ್ವಲ್ಪ ಜಾಸ್ತಿಯೇ ಇಡಿ.

ಈಗ ಮುಟಗಿಗೆ ಬರುತ್ತೇನೆ. ಇದರ ವಿಷಯದಲ್ಲಿ ನನಗೆ ಬಾಯಿ ಮುಚ್ಚಿಕೊಂಡು ಇರಲು ಆಗುವುದಿಲ್ಲ. ಮೊನ್ನೆ ಒಬ್ಬಳು ನಿನ್ನೆಯ ಖಡಕ್ ರೊಟ್ಟಿ ಮುರಿದು ಮಿಕ್ಸರಿಗೆ ಹಾಕಿ ಗರ್ರೆನಿಸಿದಳು. ಅದಕ್ಕೆ ಬಾಟಲಿಯ ಬಳ್ಳೊಳ್ಳಿ ಪೇಸ್ಟು ಕಲಸಿದಳು. ಮಕ್ಕಳ ಮುಂದಿಟ್ಟು ಮುಟಗಿ ಅಂದಳು. ಕೋಳಿಗೆ ಚೆಲ್ಲುವ ನುಚ್ಚಿನ ಹಾಗಿತ್ತು. ಮಕ್ಕಳು ಮುಷ್ಟಿ ಕಟ್ಟಿದರೆ ಬೆರಳ ಸಂದಿಯಿಂದ ಉದುರುತ್ತಿತ್ತು. ತಪ್ಪು ಯಾರದು, ಮಕ್ಕಳದೇ?

ಹಿಟ್ಟಿನಿಂದ ಶುರು ಮಾಡೋಣ. ಬಿಳಿಜೋಳ, ಅದರಲ್ಲೂ ಮಾಲದಂಡಿ ಸಿಕ್ಕರೆ ಬೇರೆ ಕೇಳಬೇಡಿ. ಹೊಸದಾಗಿ ಬೀಸಿಸಿದ ಹಿಟ್ಟೇ ಆಗಬೇಕು. ತಿಂಗಳುಗಟ್ಟಲೆ ಡಬ್ಬಿಯಲ್ಲಿ ಕೂತ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಒಡೆಯುತ್ತದೆ. ನನ್ನ ತವರಿನ ಹೊಲ ಡೋಣಿ ಹೊಳೆಯ ಸಾಲಿನಲ್ಲಿತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅನ್ನುತ್ತಾರಲ್ಲ, ಆ ಡೋಣಿ. ನಮ್ಮವ್ವ ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತಿದ್ದಳು. ಕಾಳಿನ ಚೀಲ ತುಂಬಿದ್ದರೂ ಹಿಟ್ಟಿನ ಡಬ್ಬಿ ಅರ್ಧಕ್ಕಿಂತ ಮೇಲೆ ಏರಿದ್ದು ನಾನು ನೋಡಿಲ್ಲ.

ಎಸರು ಚೆನ್ನಾಗಿ ಮರಳಬೇಕು. ಬಿಸಿನೀರು ಸಾಲದು, ಮರಳುವ ನೀರು. ಜೋಳಕ್ಕೆ ಗೋಧಿಯ ಹಾಗೆ ಎಳೆಯುವ ಗುಣ ಇಲ್ಲ. ಕುದಿನೀರು ಬಿದ್ದು ಹಿಟ್ಟು ಸ್ವಲ್ಪ ಬೆಂದರೆ ಮಾತ್ರ ಅಂಟು ಬರುತ್ತದೆ. ಪರಾತದಲ್ಲಿ ಹಿಟ್ಟಿನ ನಡುವೆ ಕುಳಿ ಮಾಡಿ, ನೀರು ಬಿಟ್ಟು ಚಮಚದಿಂದ ಕಲಸಿ, ಕೈ ತಡೆಯುವಷ್ಟಾದ ಮೇಲೆ ಅಂಗೈ ಬುಡ ಹಚ್ಚಿ ನಾದಿ. ನೀರೆಷ್ಟು, ಹಿಟ್ಟೆಷ್ಟು ಎಂದು ನನ್ನನ್ನು ಕೇಳಬೇಡಿ, ಕೈ ಹೇಳುತ್ತದೆ. ಮಗುವಿಗೂ ಒಂದು ಉಂಡೆ ಕೊಡಿ, ಪಕ್ಕದಲ್ಲಿ ಬಡಿಯುತ್ತಾ ಕೂರಲಿ. ಸಪ್ಪಳಕ್ಕೇ ಅರ್ಧ ಖುಷಿ.

ಮುಟಗಿಯ ರೊಟ್ಟಿ ದಪ್ಪ ಇರಬೇಕು, ದಿನದ ಎರಡು ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟು. ತೆಳ್ಳಗೆ ಬಡಿದು ಕೈಚಳಕ ತೋರಿಸುವ ದಿನ ಇದಲ್ಲ. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿ, ಸಣ್ಣ ಉರಿಯಲ್ಲಿ ಒಳಗಿನ ತನಕ ಬೇಯಿಸಿ. ಕೆಂಡಕ್ಕೋ ಗ್ಯಾಸಿನ ಉರಿಗೋ ಹಿಡಿದು ಗರಿಗರಿ ಮಾಡಬಾರದು. ಮೇಲೆ ಪದರು ಗಟ್ಟಿಯಾದರೆ ಕುಟ್ಟುವಾಗ ಚೂರು ಚೂರಾಗಿ ಉಳಿಯುತ್ತದೆ.

ಯಾರೂ ಮಾಡದ, ನಾನು ಬಿಡದ ಕೆಲಸ ಒಂದಿದೆ. ರೊಟ್ಟಿ ಹಂಚಿನ ಮೇಲೆ ಇರುವಾಗಲೇ ಎಸರಿನಲ್ಲಿ ಉಳಿದ ನೀರನ್ನು ಕುಟ್ಟುವ ಕಲ್ಲಿಗೆ ಸುರಿಯಬೇಕು. ಒಂದಷ್ಟು ಹೊತ್ತು ಹಾಗೇ ಬಿಟ್ಟು, ನೀರು ಚೆಲ್ಲಿ, ಒಣ ಅರಿವೆಯಿಂದ ಒರೆಸಬೇಕು. ಕಲ್ಲಿನ ಹೊರಮೈಗೆ ಅಂಗೈ ಇಟ್ಟರೆ ಬೆಚ್ಚಗೆ ಇರಬೇಕು, ಒಳಗೆ ಒಂದು ಹನಿ ನೀರು ಇರಬಾರದು. ಯಾಕೆಂದರೆ ಮುಟಗಿ ಅಂಟುವುದು ರೊಟ್ಟಿಯ ಹಬೆಯಿಂದ. ತಣ್ಣನೆ ಕಲ್ಲು ಆ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಚಳಿಗಾಲದಲ್ಲಂತೂ ಎರಡು ಪೆಟ್ಟಿಗೆ ರೊಟ್ಟಿ ಬಿರುಸಾಗುತ್ತದೆ. ಒದ್ದೆ ಉಳಿದರೆ ಇನ್ನೊಂದು ಗೋಳು, ಅಡಿಯಲ್ಲಿ ಅಂಟಂಟು, ಮೇಲೆ ಪುಡಿಪುಡಿ. ಸೊಸೆ ಮೊದಮೊದಲು "ಇಷ್ಟೆಲ್ಲ ಬೇಕೇನ್ರೀ ಅತ್ತಿ" ಅಂದಳು. ಬೆಚ್ಚನೆ ಕಲ್ಲಲ್ಲಿ ಒಂದು, ತಣ್ಣನೆ ಕಲ್ಲಲ್ಲಿ ಒಂದು ಕುಟ್ಟಿ ಮುಂದಿಟ್ಟೆ. ಈಗ ಅವಳೇ ತನ್ನ ತಂಗಿಗೆ ಫೋನಿನಲ್ಲಿ ಪಾಠ ಮಾಡುತ್ತಾಳೆ.

ಬೆಚ್ಚಗಾದ ಕಲ್ಲಲ್ಲಿ ಬಳ್ಳೊಳ್ಳಿ, ಜೀರಿಗೆ, ಉಪ್ಪು ಮೊದಲೇ ಜಜ್ಜಿ ಇಟ್ಟುಕೊಳ್ಳಿ. ಚಿಕ್ಕವರಿಗೆ ಮೆಣಸಿನಕಾಯಿ ಬೇಡ, ದೊಡ್ಡವರ ಪಾಲಿಗೆ ಆಮೇಲೆ ಕುಟ್ಟಿದರಾಯಿತು. ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಮುರಿದು ಹಾಕಿ. ಮುರಿಯುವುದು ನಿಮ್ಮ ಕೆಲಸ, ಹಬೆಗೆ ಮಕ್ಕಳ ಕೈ ಒಡ್ಡಬೇಡಿ. ಹಗುರವಾಗಿ ಕುಟ್ಟಿ, ಅಂಚಿಗೆ ಬಂದದ್ದನ್ನು ಒಳಕ್ಕೆ ತಳ್ಳಿ, ಮತ್ತೆ ಕುಟ್ಟಿ. ರೊಟ್ಟಿಯ ಪದರು ಕಾಣದೆ ಎಲ್ಲ ಒಂದಾಗಿ ಕಲ್ಲು ಬಿಡಲು ಶುರು ಮಾಡಿದಾಗ ನಿಲ್ಲಿಸಿ. ಶೇಂಗಾ ಎಣ್ಣೆಯೋ ತುಪ್ಪವೋ ಆಗ ಹಾಕಬೇಕು, ಮೊದಲಲ್ಲ. ಮೊದಲೇ ಎಣ್ಣೆ ಬಿದ್ದರೆ ಚೂರುಗಳು ಜಾರುತ್ತವೆ, ಒಂದಕ್ಕೊಂದು ಹಿಡಿಯುವುದೇ ಇಲ್ಲ.

ಇಲ್ಲಿಂದ ಮಕ್ಕಳ ರಾಜ್ಯ. ಬಿಸಿ ಕೈ ತಡೆಯುವಷ್ಟಾಗಲಿ. ಅಂಗೈಗೆ ತುಪ್ಪ ಹಚ್ಚಿ, ಒಂದು ಹಿಡಿ ಕೊಟ್ಟು, ಗಟ್ಟಿಯಾಗಿ ಅಮುಕಲು ಹೇಳಿ. ಕೈ ಬಿಚ್ಚಿದರೆ ನಾಲ್ಕು ಬೆರಳಿನ ಅಚ್ಚು ಸಾಲಾಗಿ ಮೂಡಿರುತ್ತದೆ, ನಡುವೆ ಏಣು ಎದ್ದಿರುತ್ತದೆ. ಹೆಬ್ಬೆರಳಿನಿಂದ ಮೇಲೊಂದು ಕುಳಿ ಒತ್ತಿ, ಅದಕ್ಕೆ ತುಪ್ಪ ಬಿಡಿ. ಎಲ್ಲರದನ್ನೂ ಒಂದೇ ಪರಾತದಲ್ಲಿ ಕಲೆಸಿಟ್ಟು, ಯಾರದು ಯಾವುದು ಎಂದು ಹುಡುಕಲು ಬಿಡಿ. ಅಚ್ಚಿನ ಮೇಲೆ ಬೆರಳಿಟ್ಟು ಅಳತೆ ನೋಡುತ್ತಾರೆ, ಜಗಳಾಡುತ್ತಾರೆ. ನನ್ನ ಕಿರಿಯ ಮೊಮ್ಮಗಳದು ಹುಣಸೆಬೀಜದಷ್ಟು ಬೆರಳು, ಅವಳದು ಮಾತ್ರ ಎಂದೂ ತಪ್ಪುವುದಿಲ್ಲ. ಗೆದ್ದವರು ತಮ್ಮದನ್ನು ತಿನ್ನಬೇಕು, ಸೋತವರೂ ತಿನ್ನಬೇಕು.

ಕಲ್ಲಿಗೆ ಸೋಪು ಹಾಕಿ ತೊಳೆಯುವವರು ಇದ್ದಾರೆ, ಮಾರನೇ ದಿನದ ಹಿಂಡಿಯಲ್ಲಿ ಸೋಪಿನ ವಾಸನೆ ಬರುತ್ತದೆ. ಬರೀ ನೀರಿನಿಂದ ತೊಳೆದು, ಒಂದು ಹಿಡಿ ಒಣ ಹಿಟ್ಟು ತಿಕ್ಕಿ ತೆಗೆದರೆ ಬಳ್ಳೊಳ್ಳಿ ವಾಸನೆಯೂ ಹೋಗುತ್ತದೆ.

ಇದೇ ಮುಟಗಿಯಲ್ಲಿ ಎತ್ತನ್ನೂ ಮಾಡಿಸಬಹುದು. ಮಣ್ಣೆತ್ತಿನ ಅಮಾವಾಸ್ಯೆಯ ದಿನ ನಾನು ಹಾಗೇ ಮಾಡುತ್ತೇನೆ, ಪೂಜೆಗೆ ಮಣ್ಣಿನವು, ಊಟಕ್ಕೆ ಮುಟಗಿಯವು. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಬರುವ ಹಬ್ಬ. ಈಗ ಎಲ್ಲರೂ ಪೇಟೆಯಿಂದ ಬಣ್ಣ ಹಚ್ಚಿದ ಜೋಡಿ ತಂದು ಜಗಲಿ ಮೇಲಿಟ್ಟು ಮುಗಿಸುತ್ತಾರೆ. ಮಕ್ಕಳಿಗೆ ಮಣ್ಣು ಮುಟ್ಟುವ ದಿನವೇ ಇಲ್ಲದ ಹಾಗೆ ಮಾಡಿದ್ದೀರಿ. ಬರೀ ಎರೆ ಮಣ್ಣು ಒಣಗಿದಾಗ ಬಿರಿಯುತ್ತದೆ, ನಮ್ಮ ಹೊಲ ಬೇಸಿಗೆಯಲ್ಲಿ ಬಿರಿಯುವುದನ್ನು ನೋಡಿಲ್ಲವೇ? ಸ್ವಲ್ಪ ಸಣ್ಣ ಮರಳು, ಸ್ವಲ್ಪ ಬೂದಿ ಸೇರಿಸಿ ನೆನೆಸಿ ತುಳಿಯಿರಿ. ಕೋಡು ಅಂಟಿಸುವ ಕಡೆ ಕಡ್ಡಿಯಿಂದ ಗೀರಿ, ತೆಳು ಮಣ್ಣು ಸವರಿ ಒತ್ತಿ. ನೆರಳಲ್ಲಿ ಒಣಗಲಿ. ಕಣ್ಣಿಗೆ ಜೋಳದ ಕಾಳು ಇಡಿ. ಗುಲಗಂಜಿ ಚೆಂದ ಕಾಣುತ್ತದೆ ನಿಜ, ಆದರೆ ಅದು ವಿಷ. ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿರುವ ಮನೆಗೆ ಅದನ್ನು ತರಲೇಬೇಡಿ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಎರಚಲು, ಆಗದವರು ಮಾಳಿಗೆ ಮೇಲೆ ಬುತ್ತಿ ಬಿಚ್ಚಿ. ಸಜ್ಜಿ ರೊಟ್ಟಿ, ಎಣಗಾಯಿ, ಹಿಂಡಿ, ಮೊಸರು, ಶೇಂಗಾ ಹೋಳಿಗೆ. ಬುತ್ತಿ ಗಂಟು ಮಕ್ಕಳೇ ಕಟ್ಟಲಿ, ಮಕ್ಕಳೇ ತಲೆ ಮೇಲೆ ಹೊತ್ತು ಮೆಟ್ಟಿಲು ಹತ್ತಲಿ. ಕೂರಲು ಪ್ಲಾಸ್ಟಿಕ್ ಹಾಳೆ ಬೇಡ, ಕೌದಿ ಹಾಸಿ. ಕೌದಿ ಅಂದಾಗ ನೆನಪಾಯಿತು, ಒಗೆದ ಕೌದಿಯನ್ನು ಹಗ್ಗಕ್ಕೆ ಜೋತು ಹಾಕಬೇಡಿ ಎಂದು ಎಷ್ಟು ಸಲ ಹೇಳಿದರೂ ಯಾರೂ ಕೇಳುವುದಿಲ್ಲ. ನೀರು ಕುಡಿದ ಕೌದಿ ಮಣಭಾರ, ತನ್ನ ಭಾರಕ್ಕೇ ಹೊಲಿಗೆ ಹರಿದುಕೊಳ್ಳುತ್ತದೆ. ಮಾಳಿಗೆಯ ಕಟ್ಟೆ ಮೇಲೆ ಅಗಲವಾಗಿ ಹರವಿ, ಮಧ್ಯಾಹ್ನ ಒಮ್ಮೆ ತಿರುವಿ ಹಾಕಿ.

ಮುಟಗಿ ಉಳಿದರೆ ಫ್ರಿಜ್ಜಿನಲ್ಲಿ ಇಟ್ಟು ಕಲ್ಲು ಮಾಡಬೇಡಿ. ಸಂಜೆಗೆ ಪುಡಿ ಮಾಡಿ ಮಜ್ಜಿಗೆಯಲ್ಲಿ ಕಲಸಿ, ಹಸಿ ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿ ಹಾಕಿ. ಮಕ್ಕಳು ಬರುವ ಮೊದಲು ನಿಮ್ಮ ಪಾಲು ತೆಗೆದಿಟ್ಟುಕೊಳ್ಳಿ, ಆಮೇಲೆ ಸಿಗುವುದಿಲ್ಲ.