ಫುಲ್ವಿಯಾ ಕೂಪೆ: ಬಾಗಿಲು ಬಿಚ್ಚದೆ ಸಿಲ್ ಬದಲಿಸಿದ್ದು

ಕಳೆದ ತಿಂಗಳು ಕಾರನ್ನು ಮಾರಾಟಕ್ಕೆ ಇಟ್ಟೆ. 1972ರ ಲಾಂಚಿಯಾ ಫುಲ್ವಿಯಾ ಕೂಪೆ, ಇಟಲಿಯ ಎರಡು ಬಾಗಿಲಿನ ಕಾರು, 1.3 ಎಸ್, ಎರಡನೇ ಸರಣಿ, ಐದು ಗೇರ್. ಕೇಳುತ್ತಿರುವುದು 18,500 ಯೂರೋ. ನಾಲ್ಕು ವರ್ಷದ ಹಿಂದೆ ಟ್ಯೂರಿನ್‌ನ ಇಬ್ಬರು ಟಿಂಕರಿಂಗ್‌ನವರು ಇದೇ ಕಾರನ್ನು ನೋಡಿ, "ಬಿಡಿಭಾಗಕ್ಕೆ ಕೊಟ್ಟುಬಿಡು" ಅಂದಿದ್ದರು.

ಫುಲ್ವಿಯಾ ಬಿಚ್ಚಿದವರಿಗೆ ತುಕ್ಕು ಎಲ್ಲಿ ಕೂರುತ್ತದೆ ಅಂತ ಗೊತ್ತು. ನನ್ನದರಲ್ಲಿ ಸಬ್‌ಫ್ರೇಮನ್ನು, ಅಂದರೆ ಎಂಜಿನ್ ಹೊರುವ ಮುಂದಿನ ಚೌಕಟ್ಟನ್ನು, ಬಾಡಿಗೆ ಕಟ್ಟುವ ಹಿಂದಿನ ಎರಡೂ ಮೌಂಟ್ ಹೋಗಿದ್ದವು, ಬಾಗಿಲ ಕೆಳಗಿನ ಉದ್ದನೆ ತಗಡಿನ ಪಟ್ಟಿಗಳು, ಅಂದರೆ ಎರಡೂ ಸಿಲ್ ಹೋಗಿದ್ದವು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೆ ಇಳಿಯುತ್ತಿತ್ತು. ಬಾಡಿ ಪೂರ್ತಿ ಬರಿದು ಮಾಡಿ, ತಿರುಗುವ ಸ್ಟ್ಯಾಂಡಿಗೆ ಏರಿಸಿ, ಆಮೇಲೆ ವೆಲ್ಡ್ ಮಾಡು ಅಂತ ಎಲ್ಲರೂ ಹೇಳಿದರು. ಅದಕ್ಕೆ ಒಬ್ಬರು 9,000 ಯೂರೋ ಹತ್ತಿರ ಕೇಳಿದರು. ಕಾರು ಕೊಂಡದ್ದೇ 3,500ಕ್ಕೆ!

ನಾನು ಬಾಗಿಲು ಬಿಚ್ಚಲೇ ಇಲ್ಲ. ಎಂಜಿನ್, ಗೇರ್‌ಬಾಕ್ಸ್ ಇಳಿಸಿ, ಖಾಲಿ ಸಬ್‌ಫ್ರೇಮನ್ನು ವಾಪಸ್ ಬೋಲ್ಟ್ ಮಾಡಿ ಅದನ್ನೇ ಅಳತೆ ಕದಲದಂತೆ ಹಿಡಿಯುವ ಜಿಗ್ ಮಾಡಿಕೊಂಡೆ. ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಲಿಲ್ಲ. ಬಾಗಿಲು ಜಾಗದಲ್ಲೇ ಇದ್ದರೆ ಗ್ಯಾಪ್ ಒಂದು ಕೂದಲೆಳೆ ಸರಿದರೂ ಕಾಣುತ್ತದೆ ಅಲ್ವಾ?

ಮೊದಲ ಸಲ ಎಡಬದಿ ಕೆಟ್ಟಿತು. ಅವಸರದಲ್ಲಿ ಉದ್ದಕ್ಕೆ ವೆಲ್ಡ್ ಎಳೆದೆ. ತಗಡು ಬಿಸಿಗೆ ಎಳೆದುಕೊಂಡು ಬೋಲ್ಟ್ ತೂತು ನಾಲ್ಕು ಮಿಲಿಮೀಟರಿನಷ್ಟು ಪಕ್ಕಕ್ಕೆ ಹೋಯಿತು. ಆರು ವಾರದ ಕೆಲಸ ಕತ್ತರಿಸಿ ತೆಗೆದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಎರಡನೇ ಸಲ ಒಂದಿಂಚು ಇಲ್ಲಿ, ಒಂದಿಂಚು ಅಲ್ಲಿ, ಕೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ಮುಂದಿನದು. ಬಾಗಿಲಿನ ಬಾಯಿಗೆ ಒಳಗಿಂದ ಒಂದು ಆನಿಕೆಯನ್ನೂ ಕೊಟ್ಟಿದ್ದೆ. ಅದು ಎಲ್ಲಿ ಕೂತಿತ್ತು ಅಂತ ಮಾತ್ರ ಹೇಳುವುದಿಲ್ಲ, ಅದನ್ನು ಕಂಡುಕೊಳ್ಳಲು ಎರಡು ತಿಂಗಳು ಹಿಡಿದಿದೆ. ಈಗ ಬಾಗಿಲು ಒಂದು ಬೆರಳಲ್ಲಿ ಮುಚ್ಚುತ್ತದೆ.

ಇದರ ನಡುವೆ ತುಕ್ಕು ತೆಗೆಯಲು ಕಾಕಂಬಿಯ ಪ್ರಯೋಗವೂ ನಡೆಯಿತು. ಹುಬ್ಬಳ್ಳಿಯಲ್ಲಿ ಮಾವನ ಪದ್ಮಿನಿಯ ಬ್ರಾಕೆಟ್‌ಗಳನ್ನು ನಾವು ಹೀಗೇ ತೊಳೆಯುತ್ತಿದ್ದೆವು. ಪದ್ಮಿನಿಯೂ ಫಿಯೆಟ್ 1100ರ ಕುಡಿಯೇ. ಇಲ್ಲಿ ದನದ ಮೇವಿನ ಅಂಗಡಿಯಲ್ಲಿ ಬೀಟ್ ಕಾಕಂಬಿ ಸಿಕ್ಕಿತು. ಒಂದು ಪಾಲಿಗೆ ಒಂಬತ್ತು ಪಾಲು ನೀರು, ಎರಡು ವಾರ. ತುಕ್ಕು ಹೋಗಿ ಕಬ್ಬಿಣ ಬೂದುಬಣ್ಣಕ್ಕೆ ಬಂತು. ಅಲ್ಯೂಮಿನಿಯಂ ಮಾತ್ರ ಹಾಕಬೇಡಿ. ನನ್ನ ಒಂದು ಮುಚ್ಚಳ ತೂತುತೂತಾಗಿ, 80 ಯೂರೋ ಹೋಯಿತು.

ವಿ4 ಎಂಜಿನ್ ಜಾಸ್ತಿ ಕಾಡಲಿಲ್ಲ. ರಿಂಗ್, ಬೇರಿಂಗ್, ಟೈಮಿಂಗ್ ಚೈನ್, ಸುಮಾರು 3,000. ಕಾಡಿದ್ದು ಪೇಂಟ್. ನವೆಂಬರಿನ ಮಂಜಿನಲ್ಲಿ ಹೊಡೆದೆ, ಕಂಪ್ರೆಸರಿನಲ್ಲಿ ನೀರು ಕೂತಿತ್ತು, ಬಾನೆಟ್ ತುಂಬ ಗುಳ್ಳೆ. ಎಲ್ಲ ಉಜ್ಜಿ ತೆಗೆದು, ಮೇ ತಿಂಗಳವರೆಗೆ ಕಾದು, ಮತ್ತೆ 1,200 ಸುರಿದೆ. ಬಂಪರಿನ ಹೊಳಪು, ಬ್ರೇಕು, ಸೀಟು ಎಲ್ಲ ಸೇರಿ ಒಟ್ಟು 16,000 ಆಸುಪಾಸು. ನನ್ನ ಕೂಲಿ ಲೆಕ್ಕಕ್ಕಿಲ್ಲ.

ಬಾನೆಟ್ಟಿಗೆ ಕಪ್ಪು ಬಳಿದು ರ‍್ಯಾಲಿಗೆ ಓಡುತ್ತಿದ್ದ ಫುಲ್ವಿಯಾ ಎಚ್‌ಎಫ್ ತರ ಮಾಡು, ಬೆಲೆ ಏರುತ್ತದೆ ಅಂತ ಹಲವರು ಹೇಳಿದರು. 1972ರಲ್ಲಿ ಮುನಾರಿ, ಮನ್ನುಚ್ಚಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು 1.6 ಎಚ್‌ಎಫ್‌ನಲ್ಲಿ. ನನ್ನದು 1.3. ಹುಟ್ಟಿದ ಹಾಗೇ ನೀಲಿ ಇರಲಿ ಅಂತ ಬಿಟ್ಟೆ. ತುಕ್ಕಿನಿಂದ ಹಿಡಿದು ಕೊನೆಯ ವೆಲ್ಡಿನವರೆಗೆ ಸುಮಾರು 600 ಫೋಟೋ ಇವೆ, ಬಂದವರಿಗೆ ಮೊದಲು ಕೊಡುವುದೇ ಅವನ್ನು.

ಹೋದ ಭಾನುವಾರ ಒಬ್ಬರು ಬಂದರು. ವಯಸ್ಸಾದವರು, ಆದರೂ ನೆಲಕ್ಕೆ ರಟ್ಟು ಹಾಸಿ ಕೆಳಗೆ ಮಲಗಿ, ಟಾರ್ಚ್ ಹಿಡಿದು ಎರಡೂ ಮೌಂಟ್ ನೋಡಿದರು. ಎದ್ದು, "ಇದನ್ನು ಯಾವ ಗ್ಯಾರೇಜಿನಲ್ಲಿ ಮಾಡಿಸಿದೆ?" ಅಂತ ಕೇಳಿದರು. ನಾನೇ ಮಾಡಿದ್ದು ಅಂದೆ. 17,500 ಕೊಡುತ್ತೇನೆ ಅಂದರು, ನಾನು ಒಪ್ಪಲಿಲ್ಲ. ಶನಿವಾರ ಮಗನನ್ನು ಕರೆದುಕೊಂಡು ಮತ್ತೆ ಬರುತ್ತಾರಂತೆ.